ಕೌಂಟರಿನಷ್ಟು ದೂರ

ಸಾಬಣ್ಣ ಎರಡನೆಯ ಸಲ ಕನ್ನಡಕ ವಾಪಸು ತಂದಾಗ ನಾನು ತಲೆ ಎತ್ತಲಿಲ್ಲ. ವಾಪಸು ತರುವವರಿಗೆ ತಲೆ ಎತ್ತಿ ಮರ್ಯಾದೆ ಕೊಟ್ಟರೆ ಅವರು ಮೂರನೆಯ ಸಲವೂ ಬರುತ್ತಾರೆ. ಹನ್ನೊಂದು ವರ್ಷ ಕನ್ನಡಕದ ಅಂಗಡಿ ನಡೆಸಿ ನಾನು ಕಲಿತದ್ದು ಇದು.

"ಮೇಡಂ, ಗ್ವಾಡಿ ಮೈಮ್ಯಾಲ ಬಂದಂಗ ಆಗ್ತೈತ್ರಿ," ಎಂದ.

"ಗ್ವಾಡಿ ಎಲ್ಲಿಗೂ ಬರಂಗಿಲ್ಲ. ಹದಿನೈದು ದಿನ ಹಾಕ್ಕೊಂಡು ಅಡ್ಡಾಡ್ರಿ, ರೂಢಿ ಆಗ್ತೈತಿ."

"ಹತ್ತಿರಿಂದ ನೋಡಿದ್ರ ಚಂದ ಕಾಣ್ತೈತ್ರಿ. ದೂರ ನಿಂತ್ರ ಮಾತ್ರ ಹಿಂಗ."

"ಹಂಗಾರ ಹತ್ತಿರನ ನಿಂದರ್ರಿ."

ಅವನು ನಕ್ಕ. ನಾನೇನು ನಗಿಸಲು ಹೇಳಿರಲಿಲ್ಲ.

ನಮ್ಮ ಅಂಗಡಿ ಇರುವುದು ದಿಲ್‌ಸುಖ್‌ನಗರದಲ್ಲಿ, ಮೆಟ್ರೋ ಮೆಟ್ಟಿಲಿಳಿದರೆ ಬಲಗಡೆಯ ಗಲ್ಲಿಯಲ್ಲಿ. ಸುತ್ತ ಎಲ್ಲಿ ನೋಡಿದರೂ ಕೋಚಿಂಗ್ ಸೆಂಟರು. ಇಡೀ ತೆಲಂಗಾಣದ ಮಕ್ಕಳು ಇಲ್ಲಿಗೆ ಬಂದು ಕಣ್ಣು ಹಾಳು ಮಾಡಿಕೊಳ್ಳುತ್ತಾರೆ. ಆಮೇಲೆ ನನ್ನ ಹತ್ತಿರ ಬಂದು, ತಮ್ಮ ಮುಖಕ್ಕೆ ಒಪ್ಪದ ಫ್ರೇಮನ್ನೇ ಹುಡುಕಿ ತೆಗೆದು, ಕನ್ನಡಿಯ ಮುಂದೆ ಅರ್ಧ ಗಂಟೆ ನಿಂತು, ಫೋಟೋ ಹೊಡೆದು ಯಾರಿಗೋ ಕಳಿಸುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: ನಾನು ಚೆನ್ನಾಗಿ ಕಾಣುತ್ತೀನಾ? ಇದನ್ನು ಹಾಕಿಕೊಂಡರೆ ಬೋರ್ಡಿನ ಮೇಲಿನ ಅಕ್ಷರ ಕಾಣುತ್ತದೆಯೇ ಎಂದು ಒಬ್ಬರೂ ಕೇಳಿದ್ದಿಲ್ಲ.

ಪ್ರೀತಿಯ ಬಗ್ಗೆ ನನ್ನ ಅಭಿಪ್ರಾಯ ಹುಟ್ಟಿದ್ದೂ ಇದೇ ಕನ್ನಡಿಯ ಮುಂದೆ. ಜೋಡಿಯಾಗಿ ಬರುತ್ತಾರೆ. ಅವಳು ಫ್ರೇಮು ಹಾಕಿಕೊಂಡು ತಿರುಗುತ್ತಾಳೆ, ಅವನು ಫೋನಿನಿಂದ ಕಣ್ಣು ಕೀಳದೆ 'ಸೂಪರ್' ಅನ್ನುತ್ತಾನೆ. ಅವಳಿಗೆ ಅಷ್ಟು ಸಾಕು, ಕೆಂಪಾಗುತ್ತಾಳೆ. ಆರು ತಿಂಗಳಾದ ಮೇಲೆ ಇಬ್ಬರೂ ಬೇರೆ ಬೇರೆಯವರ ಜೊತೆ ಬಂದು ಅದೇ ನಾಟಕ ಆಡುತ್ತಾರೆ.

ನನಗೆ ಮೂವತ್ತನಾಲ್ಕು. ನೋಡಲು ಬಂದ ಗಂಡುಗಳ ಹೆಸರು ಮರೆತಿದ್ದೇನೆ, ಕಣ್ಣಿನ ನಂಬರು ಮಾತ್ರ ನೆನಪಿದೆ. ಕೊನೆಯವನು ಗಚ್ಚಿಬೌಲಿಯವನು, ಮೈನಸ್ ಒಂದೂವರೆ. 'ಮದುವೆ ಆದಮೇಲೆ ಈ ಗಾಜು ಉಜ್ಜೋ ಕೆಲಸ ಬಿಡ್ತೀರಲ್ಲ?' ಎಂದು ಕೇಳಿ, ಉತ್ತರಕ್ಕೂ ಕಾಯದೆ ಇನ್ನೊಂದು ಮಿರ್ಚಿ ಭಜಿಗೆ ಕೈ ಹಾಕಿದ. ಆ ಭಜಿ ಮಾಡಿದವಳೂ ನಾನೇ. ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದೆ.

ಇಂಥ ನನ್ನ ಅಂಗಡಿಗೆ ಸಾಬಣ್ಣ ಮೊದಲ ಸಲ ಬಂದದ್ದು ಒಡೆದ ಕನ್ನಡಕಕ್ಕೆ ದಾರ ಕಟ್ಟಿಕೊಂಡು. ಯಾದಗಿರಿ ಜಿಲ್ಲೆಯ ಸುರಪುರದ ಕಡೆಯವನು, ಗಾರೆ ಕೆಲಸದವನು. ಹಳೇ ಶಹರದಲ್ಲಿ ಯಾವುದೋ ನವಾಬರ ಕಾಲದ ದೊಡ್ಡ ಮನೆ, ಇಲ್ಲಿಯವರು ದೇವಡಿ ಅನ್ನುತ್ತಾರೆ, ಅದನ್ನು ರಿಪೇರಿ ಮಾಡುತ್ತಿದ್ದರು. ಅಲ್ಲಿ ಅಟ್ಟಣಿಗೆ ಹತ್ತುವಾಗ ಕನ್ನಡಕ ಕೆಳಗೆ ಬಿದ್ದಿತ್ತು. ಉಗುರಿನ ಸಂದಿಯಲ್ಲಿ ಸುಣ್ಣ, ಚಪ್ಪಲಿಯ ಮೇಲೆ ಸುಣ್ಣ, ನನ್ನ ಒರೆಸಿದ ನೆಲದ ಮೇಲೂ ಸುಣ್ಣ. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು.

ನಂಬರು ನೋಡಿದೆ. ಎರಡೂ ಕಣ್ಣು ಮೈನಸ್ ಆರು.

ಮೈನಸ್ ಗಾಜು ಎಂದರೆ ನಡುವೆ ತಗ್ಗು, ಅಂಚಿನಲ್ಲಿ ದಪ್ಪ. ನಂಬರು ಹೆಚ್ಚಿದಷ್ಟೂ ತಗ್ಗು ಹೆಚ್ಚು. ಅಂಥ ಗಾಜಿನ ಹಿಂದೆ ಎಂಥ ಕಣ್ಣೂ ಕಡಲೆಕಾಳಿನಷ್ಟೇ ಕಾಣುವುದು. ಅವನದೂ ಹಾಗೇ ಕಂಡಿತು. ದಾರ ಬಿಚ್ಚಿ ಕನ್ನಡಕ ತೆಗೆದಾಗ ಕಣ್ಣುಗಳು ಇದ್ದಕ್ಕಿದ್ದ ಹಾಗೆ ದೊಡ್ಡವಾದವು. ಮೂಗಿನ ಎರಡೂ ಪಕ್ಕದಲ್ಲಿ ಇಪ್ಪತ್ತು ವರ್ಷದ ಭಾರ ಒತ್ತಿ ಮಾಡಿದ ಎರಡು ಸಣ್ಣ ಕುಳಿಗಳಿದ್ದವು. ಅವು ನನಗೆ ನೆನಪಿರುವುದಕ್ಕೆ ಕಾರಣ ವೃತ್ತಿ; ಫ್ರೇಮು ಕೂರುವುದು ಅಲ್ಲಿಯೇ. ಬೇರೆ ಕಾರಣ ಹುಡುಕುವವರು ಹುಡುಕಿಕೊಳ್ಳಲಿ.

ಅಳತೆ ತೆಗೆಯಲು ಕೂರಿಸಿದೆ. ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯಬೇಕು. ಗಾಜಿನ ತಗ್ಗಿನ ನಟ್ಟನಡು ಆ ಪಾಪೆಯ ಎದುರಿಗೇ ಬರಬೇಕು, ಇಲ್ಲದಿದ್ದರೆ ನೋಟ ಜಗ್ಗುತ್ತದೆ. ಉಳಿದ ಅಂಗಡಿಗಳಲ್ಲಿ ಇದಕ್ಕೆ ಮಷಿನ್ ಇದೆ. ಮಷಿನ್ ಇಟ್ಟುಕೊಂಡು ಕೆಲಸ ಮರೆತವರ ಅಂಗಡಿಗಳು ಅವು. ನನಗೆ ಅಪ್ಪನ ಉಕ್ಕಿನ ಪಟ್ಟಿ ಸಾಕು.

"ನನ್ನ ಹಿಂದ ದೂರ ಗ್ವಾಡಿಗೆ ಕ್ಯಾಲೆಂಡರ್ ಐತಿ. ದೇವಿ ಕೆಂಪು ಸೀರಿ ಕಾಣ್ತೈತೇನು?"

"ಕೆಂಪು ಕಾಣ್ತೈತ್ರಿ. ದೇವಿ ಕಾಣವಲ್ಲಳು."

"ಕೆಂಪು ಕಂಡ್ರ ಸಾಕು. ಅದನ್ನ ನೋಡ್ಕೊಂತ ಕೂಡ್ರಿ. ಅಲ್ಲಾಡಬ್ಯಾಡ್ರಿ."

ಪಟ್ಟಿಯನ್ನು ಅವನ ಮೂಗಿನ ಮೇಲೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ ಗೆರೆ ಎಣಿಸಿದೆ. ಅಳೆಯುವಾಗ ನನಗೆ ಕಾಣುವುದು ಎರಡು ಕಪ್ಪು ಚುಕ್ಕೆ ಅಷ್ಟೇ. ಗಿರಾಕಿಗಳ ಮುಖ ನೋಡುವ ಕೆಟ್ಟ ಚಟ ನನಗಿಲ್ಲ. ಅರವತ್ತೆರಡು ಮಿಲಿಮೀಟರ್ ಎಂದು ಕಾರ್ಡಿನಲ್ಲಿ ಬರೆದೆ.

ಎದ್ದವನು ಕೌಂಟರಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಕಬ್ಬಿಣದ ಗುಂಡನ್ನು ಕೈಗೆತ್ತಿಕೊಂಡ. ಒಂದು ಕಡೆ ಸಪಾಟ, ಇನ್ನೊಂದು ಕಡೆ ಉಬ್ಬು. ಆ ಉಬ್ಬನ್ನು ಅಂಗೈಯ ಗುಳಿಯಲ್ಲಿ ಕೂರಿಸಿಕೊಂಡು ಮೆಲ್ಲಗೆ ತಿರುಗಿಸಿದ.

"ಇದರ ಹೊಟ್ಟಿ ಭಾಳ ಚಂದ ಐತ್ರಿ."

"ಕೆಳಗ ಇಡ್ರಿ," ಎಂದೆ.

ಮೂಲೆಯ ಸ್ಟೂಲಿನಿಂದ ಅಪ್ಪ ಎದ್ದೇಬಿಟ್ಟ. ನನ್ನ ಅಪ್ಪ ಬಸವಲಿಂಗಪ್ಪ ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುರ್ಬೀನಿನ ಗಾಜು ಉಜ್ಜಿದವನು. ಆ ಕಬ್ಬಿಣ ಅಲ್ಲಿಯ ಗುಜರಿಯಿಂದ ಕೇಳಿ ತಂದದ್ದು. ಅದನ್ನು ಹೊಗಳಿದವರನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ, ಅವನೂ ಕಂಡಿರಲಿಲ್ಲ.

"ಗಾಜಿನ್ಯಾಗ ತಗ್ಗು ಮಾಡಬೇಕಂದ್ರ ಕಬ್ಬಿಣ ಉಬ್ಬಿರಬೇಕು ತಮ್ಮಾ," ಎಂದು ಶುರು ಮಾಡಿದ. "ನಡುವ ಎಮರಿ ಪುಡಿ ಹಾಕಿ ತಿಕ್ಕೋದು. ತಿಕ್ಕಿ ತಿಕ್ಕಿ ಎರಡೂ ಒಂದಕ್ಕೊಂದು ಹೊಂದಿಕೊಂತಾವು."

"ನಮ್ಮದೂ ಹಂಗ ಐತ್ರಿ ಕಾಕಾ. ಗುಮ್ಮಟದ ಒಳಮೈ ತಿಕ್ಕಾಕ ಹೊಟ್ಟಿ ಬಂದ ಕರಣಿನ ಬೇಕು. ಸಪಾಟ ಕರಣಿ ಅಲ್ಲಿ ಗೀರು ಹಾಕ್ತೈತಿ. ನಾ ಹಳೇ ಕರಣಿ ಬಡದು ಬಗ್ಗಿಸಿ ಮಾಡ್ಕೊಂಡೀನಿ."

ಐದು ನಿಮಿಷದಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರು. ಸುಣ್ಣದ ಚಪ್ಪಲಿಯವನಿಗೆ ನನ್ನ ಅಪ್ಪ ತನ್ನ ಸ್ಟೂಲು ಬಿಟ್ಟುಕೊಟ್ಟಿದ್ದ. ಗಚ್ಚಿಬೌಲಿಯವನು ಬಂದಾಗ ಎದ್ದು ನಿಂತಿರಲಿಲ್ಲ ಎಂಬುದು ನೆನಪಾಗಿ ನನಗೆ ಮೈ ಉರಿಯಿತು.

ಹೊಸ ಕನ್ನಡಕ ಹಾಕಿಕೊಂಡು ಹೋದವನು ವಾರಕ್ಕೇ ವಾಪಸು ಬಂದ. ಮತ್ತೆ ಅಳೆದೆ, ಮತ್ತೆ ಅರವತ್ತೆರಡು. ಏನೂ ತಪ್ಪಿಲ್ಲ ಎಂದು ಹೇಳಿ ಕಳಿಸಿದೆ. ಈಗ ಮತ್ತೆ ಬಂದು ಗೋಡೆ ಮೈಮೇಲೆ ಬರುತ್ತದೆ ಅನ್ನುತ್ತಿದ್ದಾನೆ. ಮೂರನೆಯ ಸಲ ಕೂರಿಸಿದೆ, ಕೆಂಪು ಸೀರೆ ನೋಡಿರಿ ಎಂದೆ, ಪಟ್ಟಿ ಹಿಡಿದೆ. ಕಾರ್ಡನ್ನು ಅವನ ಮುಖದ ಮುಂದೆ ಆಡಿಸಿದೆ.

"ನೋಡ್ರಿ. ಅರವತ್ತೆರಡು, ಅರವತ್ತೆರಡು, ಅರವತ್ತೆರಡು. ಪಟ್ಟಿ ಸುಳ್ಳು ಹೇಳಂಗಿಲ್ಲ."

"ನಾನೂ ಹೇಳಂಗಿಲ್ರಿ," ಎಂದ. ನಗು ಇರಲಿಲ್ಲ. "ಅಲ್ಲಿ ಗ್ವಾಡಿಯೊಳಗ ಒಂದು ದೊಡ್ಡ ಗೂಡು ಐತಿ. ಮ್ಯಾಲ ಅರ್ಧ ಗುಮ್ಮಟ, ಚಿಪ್ಪಿನಂಗ. ಅದರ ಕೊನೀ ಪದರ ಕಣ್ಣಳತಿಮ್ಯಾಲ ಎಳೀಬೇಕು. ಕೆಳಗ ಇಳದು ದೂರ ನಿಂತು ನೋಡಿದ್ರ ತಳ ಹತ್ತಿರ ಬಂದಂಗ ಕಾಣ್ತೈತಿ, ತಗ್ಗು ಸಾಲದು ಅಂತ ಇನ್ನೂ ಕೆರೀತೀನಿ. ಆಮ್ಯಾಲ ಅಳದ್ರ ಬೆರಳಗಲ ಹೆಚ್ಚು ಕೆರದಿರ್ತೀನಿ. ಎರಡು ಸಲ ಕೆಡಿಸಿ ಎರಡು ಸಲ ಒಡದೀನಿ. ಇನ್ನೊಮ್ಮೆ ಕೆಟ್ರ ಇಂಜಿನಿಯರ್ ಸಾಹೇಬ್ರು ಫ್ಯಾಕ್ಟರಿಯಾಗ ಎರಕ ಹೊಯ್ದ ಚಿಪ್ಪು ತಂದು ಅಂಟಿಸ್ತಾರಂತ. ನನಗ ಊರಿಗೆ ಹೋಗು ಅಂದಾರ."

ಇಲ್ಲಿ ಯಾವ ಒಳ್ಳೆಯ ಹೆಂಗಸಾದರೂ ಒಂದು ಕ್ಷಣ ಯೋಚಿಸುತ್ತಿದ್ದಳು. ನಾನು ಹೇಳಿದ್ದು ಇದು:

"ಕೈಯಾಗ ಕಸುಬು ಇಲ್ಲದವರು ಕಣ್ಣಿಗೆ ಯಾಕ ಬೈತೀರಿ? ನಾಕು ದಿನ ಗಾರಿ ಕಲಸಿದವರೆಲ್ಲ ಗುಮ್ಮಟ ಕಟ್ಟಾಕ ಹೊಂಟ್ರ ಹಿಂಗ ಆಗೋದು."

ಅವನು ಕನ್ನಡಕವನ್ನು ಅಂಗಿಯ ಚುಂಗಿನಲ್ಲಿ ಒರೆಸಿ ಹಾಕಿಕೊಂಡ, ಕಣ್ಣುಗಳು ಮತ್ತೆ ಚಿಕ್ಕವಾದವು. ಅಪ್ಪನಿಗೆ ಮಾತ್ರ 'ಬರ್ತೀನ್ರಿ ಕಾಕಾ' ಎಂದು ಹೇಳಿ ಮೆಟ್ಟಿಲಿಳಿದ.

"ಗುರಮ್ಮಾ," ಎಂದ ಅಪ್ಪ. ನನ್ನ ಪೂರ್ತಿ ಹೆಸರು ಗುರುದೇವಿ. ಬೇಜಾರಾದಾಗ ಅಪ್ಪ ಹೀಗೆ ಕರೆಯುವುದು. "ಆ ಮಾತು ಆಡಬಾರದಿತ್ತು."

ನಾನು ಗಾಜಿನ ಅಂಚು ಉಜ್ಜುವ ಮಷಿನ್ ಆನ್ ಮಾಡಿದೆ. ಅದರ ಸದ್ದಿನಲ್ಲಿ ಯಾರ ಮಾತೂ ಕೇಳುವುದಿಲ್ಲ.

ನಾಲ್ಕು ದಿನವಾದ ಮೇಲೆ ಕೋಠಿ ಮಾರುಕಟ್ಟೆಗೆ ಹೋಗಿ ಗಾಜು ತೆಗೆದುಕೊಂಡು ಮಧ್ಯಾಹ್ನ ಅಂಗಡಿಗೆ ಬಂದೆ. ಕೌಂಟರಿನ ಮೇಲೆ ಸಾಬಣ್ಣನ ಕನ್ನಡಕ ಮಡಿಸಿ ಇಟ್ಟಿತ್ತು. ಪಕ್ಕದಲ್ಲಿ ಅವನ ಕಾರ್ಡು. ನನ್ನ ಮೂರು ಅರವತ್ತೆರಡುಗಳ ಕೆಳಗೆ ಅಪ್ಪನ ಸೊಟ್ಟ ಅಕ್ಷರದಲ್ಲಿ ಅರವತ್ತೈದು ಎಂದು ಬರೆದಿತ್ತು.

"ಬಂದಿದ್ದ," ಎಂದ ಅಪ್ಪ. "ಇದು ನನಗ ಆಗಂಗಿಲ್ರಿ ಕಾಕಾ, ಇಲ್ಲೇ ಇರಲಿ ಅಂದ. ಹಳೇದಕ್ಕ ದಾರ ಕಟ್ಕೊಂಡು ಹೊಂಟಿದ್ದ. ನಾನ ತಡದು ಅಳದೆ."

"ನಿನ್ನ ಕಣ್ಣಿಗೆ ಪೊರೆ ಬಂದೈತಿ. ಅರವತ್ತೈದು ಎಲ್ಲಿಂದ ಬಂತು?"

"ಅವನ್ನ ಬಾಗಲಾಗ ನಿಂದರಿಸಿ ಮೆಟ್ರೋ ಕಂಬ ನೋಡು ಅಂದೆ. ಎರಡು ಸಲ ಅಳದೀನಿ."

"ನಾ ಮೂರು ಸಲ ಅಳದೀನಿ."

"ಹೌದವ್ವಾ. ಮೂರು ಸಲನೂ ಮೂರು ಮಿಲಿಮೀಟರ್ ಕಮ್ಮಿ ಹೆಂಗ ಬಂತು? ಕಣ್ಣಪಾಪಿ ಒಳಗ ಸರಿಯೋದು ಯಾವಾಗ? ನಾ ಕಲಿಸಿದ್ದು ಮರ್ತಿಯೇನು?"

ಮರೆತಿರಲಿಲ್ಲ. ಹತ್ತಿರದ್ದನ್ನು ನೋಡುವಾಗ ಎರಡೂ ಪಾಪೆಗಳು ಮೂಗಿನ ಕಡೆಗೆ ಸರಿಯುತ್ತವೆ. ಒಂದೂಕಾಲು ಅಡಿ ದೂರದ್ದನ್ನು ನೋಡಿದರೆ ಸರಿಯಾಗಿ ಮೂರು ಮಿಲಿಮೀಟರ್. ಅದಕ್ಕೇ ಅಳೆಯುವಾಗ ಕ್ಯಾಲೆಂಡರ್ ನೋಡಿ ಅನ್ನುವುದು. ಸಾಬಣ್ಣ ಕ್ಯಾಲೆಂಡರ್ ನೋಡಿಲ್ಲ. ಮೂರು ಸಲವೂ ಒಂದೂಕಾಲು ಅಡಿ ದೂರದಲ್ಲಿ ಇದ್ದದ್ದನ್ನು ನೋಡಿದ್ದಾನೆ. ಅವನಿಗೂ ಆ ಗೋಡೆಗೂ ನಡುವೆ ಅಷ್ಟು ದೂರದಲ್ಲಿ ಇದ್ದದ್ದು ಒಂದೇ ವಸ್ತು. ಅದು ನಾನು.

ಮೊದಲು ಸಿಟ್ಟು ಬಂತು. ಆಮೇಲೆ ಬಂದದ್ದು ಸಿಟ್ಟಲ್ಲ, ಅದಕ್ಕೆ ಹೆಸರು ಕೊಡುವ ಧೈರ್ಯ ಆಗ ಇರಲಿಲ್ಲ. ಕೂತುಬಿಟ್ಟೆ.

ಹತ್ತಿರ ಚಂದ ಕಾಣುತ್ತದೆ, ದೂರ ನಿಂತರೆ ಜಗ್ಗುತ್ತದೆ. ಅವನು ಬಂದ ಸಲವೆಲ್ಲ ಇದನ್ನೇ ಹೇಳಿದ್ದ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೂ ಇಷ್ಟು ಕೇಳಿದರೆ ಅಂತರದ ಅಳತೆ ತಪ್ಪಿದೆ ಎಂದು ಹೇಳಿಬಿಡುತ್ತಾರೆ. ನಾನು ಕೇಳಿಸಿಕೊಂಡಿರಲಿಲ್ಲ, ಯಾಕೆಂದರೆ ಹೇಳುತ್ತಿದ್ದವನ ಉಗುರಲ್ಲಿ ಸುಣ್ಣವಿತ್ತು. ಒಂದೇ ಒಂದು ಸಲ ಚುಕ್ಕೆ ಬಿಟ್ಟು ಮುಖ ನೋಡಿದ್ದರೆ ಅವನ ನೋಟ ಎಲ್ಲಿದೆ ಎಂದು ಗೊತ್ತಾಗುತ್ತಿತ್ತು. ಕನ್ನಡಿಯ ಮುಂದೆ ನಿಂತ ಆ ಹುಡುಗಿಯರನ್ನು ದಡ್ಡಿಯರು ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಅವರು ಯಾರ ಗೂಡನ್ನೂ ಕೆಡಿಸಿರಲಿಲ್ಲ.

"ಗೂಡು ಯಾವಾಗ ಮುಗೀಬೇಕಂತ?" ಎಂದು ಕೇಳಿದೆ.

"ನಾಳೆ ಕೊನೀ ಪದರ. ನಾಡದು ಅಳೀತಾರಂತ."

ಊಟಕ್ಕೂ ಏಳದೆ ಇನ್ನೊಂದು ಫ್ರೇಮಿಗೆ ಹೊಸ ಗಾಜು ಕೂರಿಸಿದೆ, ಅರವತ್ತೈದಕ್ಕೆ. ಬೆಳಿಗ್ಗೆ ಕನ್ನಡಕದ ಡಬ್ಬಿ, ಉಕ್ಕಿನ ಪಟ್ಟಿ ಚೀಲಕ್ಕೆ ಹಾಕಿಕೊಂಡೆ. ಹೊಸ್ತಿಲು ದಾಟಿದವಳು ತಿರುಗಿ ಬಂದು ಕೌಂಟರಿನ ಮೇಲಿನ ಕಬ್ಬಿಣದ ಗುಂಡನ್ನೂ ತೆಗೆದುಕೊಂಡೆ. ಅಪ್ಪ ಪೇಪರ್ ಓದುತ್ತಿದ್ದ ಹಾಗೆ ನಟಿಸಿದ. ಪೇಪರ್ ತಲೆಕೆಳಗಾಗಿತ್ತು.

ದೇವಡಿಯ ಬಾಗಿಲಲ್ಲಿ ಇಂಜಿನಿಯರ್ ನಚಿಕೇತ ಎದುರಾದ. ಮೈಸೂರಿನವನಂತೆ; ತಲೆಗೆ ಹೊಳೆಯುವ ಹೆಲ್ಮೆಟ್, ಕೈಯಲ್ಲಿ ಟ್ಯಾಬ್. ಸಾಬಣ್ಣ ಎಲ್ಲಿ ಎಂದು ಕೇಳಿದೆ.

"ಸಾಬಣ್ಣ ಒಳ್ಳೇ ವರ್ಕರ್ ಮೇಡಂ, ಬಟ್ ಕನ್ಸಿಸ್ಟೆನ್ಸಿ ಇಲ್ಲ," ಎಂದ. "ಈ ಜನಕ್ಕೆ ಟಾಲರೆನ್ಸ್ ಅಂದ್ರೆ ಏನೂಂತ ಅರ್ಥ ಆಗಲ್ಲ."

ಅವನ ಸ್ವಂತ ಕನ್ನಡಕ ಮೂಗಿನ ತುದಿಗೆ ಜಾರಿ, ಒಂದು ಕಡೆ ವಾಲಿತ್ತು. ಎರಡು ಸ್ಕ್ರೂ ಬಿಗಿ ಮಾಡಿಕೊಳ್ಳಲು ಪುರುಸೊತ್ತಿಲ್ಲದವನು ಬೇರೆಯವರ ಗುಮ್ಮಟ ಅಳೆಯುತ್ತಿದ್ದ. 'ಈ ಜನ' ಎಂಬ ಮಾತು ಕಿವಿಗೆ ಚುಚ್ಚಿತು. ಐದು ದಿನದ ಹಿಂದೆ ನಾನು ಆಡಿದ್ದೂ ಅದೇ ಮಾತು, ಕನ್ನಡ ಬೇರೆ ಅಷ್ಟೇ.

ಒಳಗಿನ ಹಾಲ್ ಉದ್ದಕ್ಕಿತ್ತು. ಆಚೆ ತುದಿಯ ಗೋಡೆಯಲ್ಲಿ ಆ ಗೂಡು, ಒಂದೂವರೆ ಆಳು ಎತ್ತರ. ಮೇಲ್ಭಾಗ ಬೊಗಸೆ ಎತ್ತಿ ನಿಲ್ಲಿಸಿದ ಹಾಗೆ ಒಳಗೆ ಬಾಗಿತ್ತು, ಅದರ ತುಂಬ ಚಿಪ್ಪಿನ ಗೀರುಗಳು. ಸಾಬಣ್ಣ ಅಟ್ಟಣಿಗೆಯ ಮೇಲೆ, ತಲೆಯನ್ನು ಆ ತಗ್ಗಿನೊಳಗಿಟ್ಟು, ನನಗೆ ಬೆನ್ನು ಮಾಡಿ ನಿಂತಿದ್ದ. ದಾರ ಕಟ್ಟಿದ ಕನ್ನಡಕದ ಗಂಟು ಹಿಂದಲೆಯಲ್ಲಿ ಕಾಣುತ್ತಿತ್ತು.

ದೂರದಲ್ಲೇ ನಿಂತೆ. ತಪ್ಪಾಯಿತು ಎಂಬ ಮಾತು ನನ್ನ ಬಾಯಿಂದ ಬಂದು ಎಷ್ಟು ವರ್ಷವಾಗಿತ್ತೋ. ಮೊದಲು ಒಮ್ಮೆ ಅಭ್ಯಾಸ ಮಾಡಿಕೊಳ್ಳೋಣ ಎಂದು ತುಟಿಯೊಳಗೇ ಅಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

"ನಂದ ತಪ್ಪು. ನಾ ನಿಮ್ಮ ಮುಖ ನೋಡ್ಲಿಲ್ಲ."

ಅವನ ಕೈ ನಿಂತಿತು.

"ಏನಂದ್ರಿ ಮೇಡಂ?" ಎಂದ, ತಿರುಗದೆ.

"ಏನೂ ಅಂದಿಲ್ಲ."

"ಈ ಗೂಡಿನ್ಯಾಗ ತಲಿ ಇಟ್ರ ಅಲ್ಲಿ ಉಸಿರಾಡಿದ್ದೂ ಕೇಳ್ತೈತ್ರಿ."

ತಗ್ಗು ಕನ್ನಡಿ ದೂರದ ಬೆಳಕನ್ನು ಒಂದೇ ಬಿಂದುವಿಗೆ ತಂದು ಸೇರಿಸುತ್ತದೆ ಎಂದು ಡಿಪ್ಲೊಮಾ ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ನೂರಕ್ಕೆ ತೊಂಬತ್ತು ತೆಗೆದವಳು ನಾನು. ತಗ್ಗು ಗೋಡೆ ಮಾತಿಗೂ ಅದನ್ನೇ ಮಾಡುತ್ತದೆ ಎಂದು ಹೊಳೆಯಲಿಲ್ಲ.

"ಕೇಳಿಸಿದ್ರ ಮತ್ಯಾಕ ಕೇಳ್ತೀರಿ?"

"ಇನ್ನೊಮ್ಮೆ ಹೇಳ್ತೀರೇನಂತ."

"ಹೇಳಂಗಿಲ್ಲ. ಕೆಳಗ ಬರ್ರಿ."

ಅವನು ಇಳಿದು ಬಂದ. ಕನ್ನಡಕ ತೆಗೆಸಿ ಅಂಗಳದ ಕಡೆ ಮುಖ ಮಾಡಿಸಿದೆ. ಹೊರಗಿನ ಕಮಾನಿನಲ್ಲಿ ಬಿಸಿಲು ತುಂಬಿತ್ತು. ಅದನ್ನು ನೋಡಿರಿ ಎಂದು ಪಟ್ಟಿ ಹಿಡಿದೆ. ಅರವತ್ತೈದು. ಅಪ್ಪನ ಪೊರೆಗಣ್ಣು ಸರಿಯಾಗಿತ್ತು.

"ಈಗ ನನ್ನ ನೋಡ್ರಿ."

ಪಾಪೆಗಳು ಮೆಲ್ಲಗೆ ಒಳಗೆ ಸರಿದವು. ಗೆರೆ ಎಣಿಸಿದೆ, ಅರವತ್ತೆರಡು. ಆಮೇಲೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಪಟ್ಟಿಯ ಮೇಲಿಂದ ಕಣ್ಣೆತ್ತಿ ಗಿರಾಕಿಯ ಮುಖ ನೋಡಿದೆ. ರೆಪ್ಪೆಯ ಮೇಲೆ ಸುಣ್ಣದ ಪುಡಿ ಇತ್ತು. ಅವನು ನನ್ನನ್ನು ನೋಡುತ್ತಿದ್ದ ರೀತಿಯಲ್ಲಿ ಮುಚ್ಚುಮರೆ ಇರಲಿಲ್ಲ, ಬಹುಶಃ ಯಾವತ್ತೂ ಇರಲಿಲ್ಲ. ಪಟ್ಟಿಯನ್ನು ಕೆಳಗಿಳಿಸಿದೆ.

"ಮೂರು ಸಲ ಕೆಂಪು ಸೀರಿ ನೋಡ್ರಿ ಅಂದಿದ್ದೆ."

"ಹೌದ್ರಿ."

"ಕೆಂಪು ಕಾಣ್ತಿತ್ತೋ ಇಲ್ಲೋ?"

"ಕಾಣ್ತಿತ್ರಿ."

"ಮತ್ತ?"

"ನೋಡ್ಲಿಲ್ಲ," ಎಂದ. "ನೀವು ಆ ಮಷಿನ್ ಬಿಟ್ಟು ತಲಿ ಎತ್ತೋದು ಅಳತಿ ತಗೊಳ್ಳಾಗ ಅಷ್ಟ. ಅದನ್ನ ಬಿಟ್ಟು ಕ್ಯಾಲೆಂಡರ್ ಯಾರು ನೋಡ್ತಾರ್ರಿ?"

"ಬರಿಗಣ್ಣಿಗೆ ಅಷ್ಟು ದೂರಕ್ಕ ನನ್ನ ಮುಖಾನೂ ಮಸಕ. ಏನು ಕಾಣ್ತಿತ್ತು ನಿಮಗ?"

"ಮಸಕನ ಕಾಣ್ತಿತ್ರಿ. ಸಿಟ್ಟಿನಾಗ ಇದ್ದೀರಿ ಅನ್ನೋದು ಮಾತ್ರ ಗೊತ್ತಾಗ್ತಿತ್ತು."

ನಗು ಬಂತು, ತಡೆದೆ. "ನೀವು ಹಂಗ ನೋಡಿದ್ದಕ್ಕ ಅಳತಿ ತಪ್ಪಿತು, ಅಳತಿ ತಪ್ಪಿದ್ದಕ್ಕ ಗೂಡು ಕೆಟ್ಟಿತು. ಗೊತ್ತೈತೇನು?"

ಅವನಿಗೆ ಗೊತ್ತಿರಲಿಲ್ಲ. ಬಾಯಿ ತೆರೆದು ಗೂಡಿನ ಕಡೆ ನೋಡಿದ, ನನ್ನ ಕಡೆ ನೋಡಿದ.

"ಹಂಗಾರ ತಪ್ಪು ನಂದ ಆತಲ್ರಿ."

"ಅರ್ಧ."

"ಉಳಿದರ್ಧ?"

"ಆಗಳೇ ಕೇಳಿಸ್ಕೊಂಡೀರಿ."

ಹೊಸ ಕನ್ನಡಕವನ್ನು ನಾನೇ ಅವನ ಮುಖಕ್ಕೆ ಹಾಕಿದೆ. ಮೂಗಿನ ಆ ಎರಡು ಕುಳಿಗಳಲ್ಲಿ ಅದು ಸರಿಯಾಗಿ ಕೂತಿತು. ಅವನು ಹಾಲಿನ ಈ ತುದಿಯಲ್ಲಿ ನಿಂತು ಗೂಡನ್ನು ಬಹಳ ಹೊತ್ತು ನೋಡಿದ. ತಲೆ ಆ ಕಡೆ ಈ ಕಡೆ ವಾಲಿಸಿದ.

"ಗ್ವಾಡಿ ಇದ್ದಲ್ಲೇ ಐತ್ರಿ," ಎಂದ.

ಚೀಲದಿಂದ ಕಬ್ಬಿಣದ ಗುಂಡು ತೆಗೆದು ಕೊಟ್ಟೆ. ಅವನು ಅದನ್ನು ಅಂಗೈಯಲ್ಲಿ ಕೂರಿಸಿಕೊಂಡು ಮೇಲೆ ಹತ್ತಿದ. ಹಸಿ ಗಾರೆಯ ಮೇಲೆ ಮೊದಲು ತನ್ನ ಬಗ್ಗಿಸಿದ ಕರಣಿ ಎಳೆದ, ಆಮೇಲೆ ಆ ಕಬ್ಬಿಣದ ಉಬ್ಬನ್ನು ಚಿಪ್ಪಿನ ಒಂದೊಂದು ಗೀರಿನೊಳಗೂ ಇಟ್ಟು ತಿಕ್ಕಿದ. ಬಾಗಿದ ಕಡೆಯೆಲ್ಲ ಅದು ತಾನಾಗಿ ಹೊಂದಿಕೊಂಡು ಹೋಯಿತು. ಮತ್ತೆ ಮತ್ತೆ ಇಳಿದು ಬಂದು ನನ್ನ ಪಕ್ಕ ನಿಂತು ನೋಡುತ್ತಿದ್ದ, ಮತ್ತೆ ಹತ್ತುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಗಾರೆ ಬೆಣ್ಣೆಯ ಹಾಗೆ ಹೊಳೆಯತೊಡಗಿತು. ಆ ಕೈಗಳಿಗೆ ನಾನು ಕೆಲಸ ಗೊತ್ತಿಲ್ಲ ಎಂದಿದ್ದೆ.

ನನಗೆ ಅವನು ಬಹಳ ಇಷ್ಟವಾದ. ಇಷ್ಟು ಸೀದಾ ಬರೆಯಲು ನಾಚಿಕೆಯಾಗುತ್ತದೆ, ಆದರೆ ಸುತ್ತಿ ಬಳಸಿ ಹೇಳುವವರನ್ನು ನಾನು ಮೊದಲಿನಿಂದಲೂ ಸಹಿಸಿಲ್ಲ.

ಮಾರನೆಯ ದಿನ ನಚಿಕೇತ ತನ್ನ ಲೇಸರ್ ಇಟ್ಟು ಅಳೆದನಂತೆ. ಎಲ್ಲಿಯೂ ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಟ್ಯಾಬ್ ಮೇಲೆ ಬೆರಳಾಡಿಸಿ 'ಪರವಾಗಿಲ್ಲ' ಎಂದನಂತೆ. ಮುನ್ನೂರು ವರ್ಷ ಹಳೆಯ ಗೂಡಿಗೆ ಪರವಾಗಿಲ್ಲ ಎಂದವನು ತನ್ನ ಹೆಂಡತಿಗೆ ಏನು ಹೇಳುತ್ತಾನೋ ದೇವರಿಗೇ ಗೊತ್ತು. ಏನೇ ಆಗಲಿ, ಉಳಿದ ಏಳು ಗೂಡುಗಳನ್ನೂ ಸಾಬಣ್ಣನಿಗೇ ಕೊಟ್ಟರು.

ಭಾನುವಾರ ಅವನು ಅಂಗಡಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ತೊಳೆದ ಚಪ್ಪಲಿ. ಬಾಗಿಲಲ್ಲೇ ನಿಂತು ಚಪ್ಪಲಿಯ ತಳ ನೋಡಿಕೊಂಡು ಒಳಗೆ ಬಂದ. ನಾನು ಮಷಿನ್ ಮುಂದೆ ಕೂತಿದ್ದೆ, ಕೈಯಲ್ಲಿ ಯಾರದೋ ಗಾಜು. ತಲೆ ಎತ್ತುವ ಧೈರ್ಯ ಇರಲಿಲ್ಲ.

"ಕನ್ನಡಕ ವಾಪಸ್ ತಂದೀರೇನು?" ಎಂದೆ.

"ಇಲ್ರಿ. ಮೊದಲಿಂದು ವಾಪಸ್ ಕೇಳಾಕ ಬಂದೀನಿ. ಆ ಅರವತ್ತೆರಡರದು."

"ತಪ್ಪು ಕನ್ನಡಕ ತಗೊಂಡು ಏನು ಮಾಡ್ತೀರಿ?"

"ಅದು ತಪ್ಪಲ್ರಿ. ಹತ್ತಿರಿಂದ ಚಂದ ಕಾಣ್ತೈತಿ ಅಂತ ನಾ ಬಂದಾಗೊಮ್ಮೆ ಹೇಳೀನಿ."

ಅವನು ಹೇಳಿದ್ದು ನಿಜ. ಮೆಟ್ರೋ ಕಂಬಕ್ಕೆ ಅದು ತಪ್ಪು, ಗೂಡಿಗೆ ತಪ್ಪು, ಇಡೀ ಹೈದರಾಬಾದಿಗೆ ತಪ್ಪು. ಸರಿಯಾಗಿರುವುದು ಒಂದೇ ದೂರಕ್ಕೆ, ಈ ಕೌಂಟರಿನಷ್ಟು ದೂರಕ್ಕೆ. ಖಾನೆಯಿಂದ ತೆಗೆದು ಅವನ ಕಡೆ ಸರಿಸಿದೆ. ಅದನ್ನು ಎಸೆಯದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೆ.

"ಇದನ್ನ ಹಾಕ್ಕೊಂಡು ರಸ್ತೆ ದಾಟಬ್ಯಾಡ್ರಿ."

"ದಾಟಂಗಿಲ್ರಿ. ಇಲ್ಲೇ ಕೂಡ್ತೀನಿ." ಸ್ಟೂಲು ಎಳೆದುಕೊಂಡ. ಆಮೇಲೆ ದನಿ ತಗ್ಗಿಸಿ, "ಕಾಕಾರನ್ನ ಕೇಳಲೇನ್ರಿ?" ಎಂದ.

"ನಾ ಅರವತ್ತೈದು ಬರದ ದಿನಾನ ಕೇಳಿದಂಗಾತು," ಎಂದ ಅಪ್ಪ ಪೇಪರಿನ ಹಿಂದಿನಿಂದ. "ಇನ್ನ ಆಕೀನ್ನ ಕೇಳು. ಮಷಿನ್ ಬಂದ್ ಮಾಡಿಸಿ ಕೇಳು."

ಮಷಿನ್ ಬಂದ್ ಮಾಡಿದೆ. ಅವನು ಆ ತಪ್ಪು ಕನ್ನಡಕ ಹಾಕಿಕೊಂಡು ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ ಕೂತಿದ್ದ. ನಾನು ಕೈಯಲ್ಲಿದ್ದ ಗಾಜನ್ನು ಒರೆಸಿದೆ, ಮತ್ತೆ ಒರೆಸಿದೆ. ಒರೆಸಲು ಏನೂ ಉಳಿಯಲಿಲ್ಲ. ಹನ್ನೊಂದು ವರ್ಷ ಆ ಕನ್ನಡಿಯ ಮುಂದೆ ನಿಂತವರೆಲ್ಲ ಕೇಳಿದ ಪ್ರಶ್ನೆ, ನಾನು ಮನಸ್ಸಿನಲ್ಲೇ ಉಗಿದು ಬಿಟ್ಟಿದ್ದ ಪ್ರಶ್ನೆ, ನನ್ನ ಬಾಯಿಂದಲೇ ಬಂತು.

"ಚಂದ ಕಾಣ್ತೀನೇನು?"

"ತಲಿ ಎತ್ರಿ," ಎಂದ ಸಾಬಣ್ಣ. "ಹೇಳ್ತೀನಿ."

ನಾನು ತಲೆ ಎತ್ತಿದೆ.